ಒಳಪೆಡಲ್ ಕಾಲದ ಊರ್ಡಿಗೆರೆ

ನಮ್ಮ ತಲೆಮಾರಿನ ಊರ್ಡಿಗೆರೆ ಹುಡುಗರಿಗೆ ಸೈಕಲ್ ಕಲಿಸಿದ್ದು ಅಪ್ಪಂದಿರಲ್ಲ, ಬಾಡಿಗೆ ಸೈಕಲ್ ಅಂಗಡಿ. ಗಂಟೆಗೆ ನಾಲ್ಕಾಣೆ. ಹಿಂದಿನ ಮಡ್‌ಗಾರ್ಡಿನ ಮೇಲೆ ಬಿಳಿ ಬಣ್ಣದ ನಂಬರು. ಯಾರ ಮನೆ ಹುಡುಗ, ಎಷ್ಟು ಹೊತ್ತಿಗೆ ಒಯ್ದ ಎಂಬುದೆಲ್ಲ ಅಂಗಡಿಯ ನೋಟ್‌ಬುಕ್ಕಿನಲ್ಲಿ. ಮನೆಯ ಸೈಕಲ್ ತುಮಕೂರಿಗೆ ಹೋಗಿಬರುವ ದುಡಿಮೆಯ ಗಾಡಿ. ಅದನ್ನು ಮಕ್ಕಳು ಒರೆಸಬಹುದಿತ್ತು, ಏರುವಂತಿರಲಿಲ್ಲ.

ಅಂಗಡಿಯಲ್ಲಿದ್ದವೂ ದೊಡ್ಡವರ ಸೈಕಲ್ಲುಗಳೇ. ಮದರಾಸಿನಲ್ಲಿ 1949ರಲ್ಲಿ ಶುರುವಾದ ಟಿ.ಐ. ಸೈಕಲ್ಸ್‌ನ ಹರ್ಕ್ಯುಲಿಸ್, ಸೋನಿಪತ್‌ನ ಅಟ್ಲಾಸ್, ಲೂಧಿಯಾನದ ಹೀರೋ. 28 ಇಂಚಿನ ಚಕ್ರ, ಸೀಟಿನಿಂದ ಹ್ಯಾಂಡಲ್‌ವರೆಗೆ ಅಡ್ಡಬಾರ್. ಇಂಗ್ಲೆಂಡಿನ ಕವೆಂಟ್ರಿಯಲ್ಲಿ 1885ರಲ್ಲಿ ಜಾನ್ ಕೆಂಪ್ ಸ್ಟಾರ್ಲಿ ತಂದ ರೋವರ್ ಸೈಕಲ್ಲಿನ ವಂಶವೇ ಇದು. ಹತ್ತು ವರ್ಷದ ಹುಡುಗ ಸೀಟಿನ ಮೇಲೆ ಕೂತರೆ ಪೆಡಲ್ ಎಟುಕುತ್ತಿರಲಿಲ್ಲ. ಅದಕ್ಕೇ ಒಳಪೆಡಲ್.

ಅದರ ಒಂದೊಂದು ಹಂತವೂ ನನಗೆ ಗೊತ್ತು. ಅಣ್ಣ ಕಲಿಯುವಾಗ ಕ್ಯಾರಿಯರ್ ಹಿಡಿದು ಹಿಂದೆ ಓಡುತ್ತಿದ್ದವಳು ನಾನೇ. ಬೇಸಿಗೆಯಲ್ಲಿ ನೀರು ಬತ್ತಿದ ಕೆರೆ ಅಂಗಳವೇ ಮೈದಾನ. ಬಿದ್ದರೂ ಮಣ್ಣು ಮೆತ್ತಗೆ. ಮೊದಲು ಬರಿದೇ ತಳ್ಳಿಕೊಂಡು ಓಡಬೇಕು. ಆಮೇಲೆ ಎಡಗಾಲು ಪೆಡಲ್ ಮೇಲಿಟ್ಟು ಬಲಗಾಲಲ್ಲಿ ನೆಲ ಒದ್ದು ಕುಂಟುತ್ತಾ ಹೋಗಬೇಕು. ಸೈಕಲ್ ತಾನಾಗಿ ನಾಲ್ಕು ಮಾರು ಉರುಳಿದ ಮೇಲಷ್ಟೇ ಬಲಗಾಲು ಬಾರಿನ ಕೆಳಗೆ ತೂರಿ ಆಚೆ ಪೆಡಲ್ ಹುಡುಕುವುದು. ಎಡಗೈ ಹ್ಯಾಂಡಲ್ ಮೇಲೆ, ಬಲತೋಳು ಸೀಟನ್ನು ತಬ್ಬಿರುತ್ತದೆ. ಸೈಕಲ್ ಒಂದು ಕಡೆ ವಾಲಿದರೆ ಮೈ ಇನ್ನೊಂದು ಕಡೆ. ಪೂರ್ತಿ ಸುತ್ತು ತುಳಿಯಲಾಗದವರು ಅರ್ಧ ತುಳಿದು ಪೆಡಲನ್ನು ಹಿಂದಕ್ಕೆ ತಿರುಗಿಸುತ್ತಿದ್ದರು, ಫ್ರೀವೀಲ್ ಟಿಕಟಿಕ ಎನ್ನುತ್ತಿತ್ತು.

ಈ ಕ್ರಮ ನನಗೆ ತುಂಬ ಜಾಣತನದ್ದಾಗಿ ಕಾಣುತ್ತದೆ. ಜರ್ಮನಿಯ ಕಾರ್ಲ್ ಡ್ರೈಸ್ 1817ರಲ್ಲಿ ಓಡಿಸಿ ತೋರಿಸಿದ ಎರಡು ಚಕ್ರದ ಗಾಡಿಗೆ ಪೆಡಲ್ಲೇ ಇರಲಿಲ್ಲ. ನೆಲ ಒದ್ದೇ ಹೋಗಬೇಕಿತ್ತು. ಸೈಕಲ್ಲಿನ ಚರಿತ್ರೆಯಲ್ಲಿ ಬ್ಯಾಲೆನ್ಸ್ ಮೊದಲು, ತುಳಿತ ಆಮೇಲೆ. ನಮ್ಮ ಕೆರೆ ಅಂಗಳದಲ್ಲೂ ಹಾಗೇ. ಪಕ್ಕಕ್ಕೆರಡು ಪುಟ್ಟ ಗಾಲಿ ಹಾಕಿ ಕೊಡುವ ಇವತ್ತಿನ ಸೈಕಲ್ ವಾಲುವುದೇ ಇಲ್ಲ. ಮಗು ತುಳಿಯುವುದನ್ನು ಕಲಿಯುತ್ತದೆ, ಬ್ಯಾಲೆನ್ಸ್ ಕಲಿಯುವುದಿಲ್ಲ. ನನ್ನ ಮೊಮ್ಮಗಳ ಸೈಕಲ್ಲಿನಿಂದ ಆ ಗಾಲಿಗಳ ಜೊತೆಗೆ ಪೆಡಲ್ಲನ್ನೂ ಬಿಚ್ಚಿಸಿದೆ, ಪಾದ ಪೂರ್ತಿ ನೆಲಕ್ಕೆ ಊರುವಷ್ಟು ಸೀಟು ಇಳಿಸಿದೆ. ನೆಲ ಒದ್ದುಕೊಂಡೇ ಅವಳು ಬೀದಿ ಸುತ್ತಿದಳು. ಪೆಡಲ್ ಹಾಕಿದ ದಿನ ಯಾರೂ ಹಿಡಿಯಬೇಕಾಗಲಿಲ್ಲ.

ಆದರೆ ಒಳಪೆಡಲ್ ಹುಡುಗರ ವಿದ್ಯೆಯಾಗಿತ್ತು. ಲಂಗ ಉಟ್ಟವಳು ಬಾರಿನ ಕೆಳಗೆ ಕಾಲು ತೂರಿಸುವುದೆಂತು? ಬಟ್ಟೆ ಚೈನಿಗೆ ಸಿಕ್ಕುತ್ತಿತ್ತು. ಸಿಕ್ಕದಿದ್ದರೂ ನೋಡಿದವರು ಬೈಯುತ್ತಿದ್ದರು. ಕ್ಯಾರಿಯರ್ ಹಿಡಿದು ಅಷ್ಟು ಓಡಿದ ನಾನು ಸೈಕಲ್ ಕಲಿಯಲೇ ಇಲ್ಲ.

ಅದು ಬದಲಾದದ್ದು 2006–07ರಲ್ಲಿ. ಎಂಟನೇ ತರಗತಿಯ ಹೆಣ್ಣುಮಕ್ಕಳಿಗೆ ಸರ್ಕಾರ ಉಚಿತ ಸೈಕಲ್ ಕೊಡತೊಡಗಿತು. ಮರುವರ್ಷ ಹುಡುಗರಿಗೂ ಬಂತು. ಹುಡುಗಿಯರದಕ್ಕೆ ಅಡ್ಡಬಾರ್ ಇರಲಿಲ್ಲ. ಆಗ ನಾನು ಟೀಚರಾಗಿದ್ದೆ. ಸೈಕಲ್ ಬಂದ ವಾರ ಶಾಲೆಯ ಅಂಗಳದಲ್ಲಿ ಹುಡುಗಿಯರು ಒಬ್ಬರಿಗೊಬ್ಬರು ಕಲಿಸಿಕೊಂಡರು: ಕಲಿತವಳು ಕ್ಯಾರಿಯರ್ ಹಿಡಿಯುವುದು, ಕಲಿಯುವವಳು ಕಿರುಚುವುದು. ತಂಗಿಯರು ಮನೆಯಲ್ಲಿ ಅದೇ ಸೈಕಲ್ಲಿನಲ್ಲಿ ಕಲಿತರು. ಕೆಲವು ಕಡೆ ತಾಯಂದಿರೂ ಕತ್ತಲಾದ ಮೇಲೆ ಕಲಿತರೆಂದು ಹುಡುಗಿಯರೇ ನನಗೆ ಹೇಳಿದ್ದಾರೆ.

ಕೋವಿಡ್ ಬಂದ ಮೇಲೆ ಆ ವಿತರಣೆ ನಿಂತಿತು. ಬಾಡಿಗೆ ಅಂಗಡಿಗಳು ಅದಕ್ಕೂ ಎಷ್ಟೋ ಮೊದಲೇ ಮುಚ್ಚಿದ್ದವು.