ಇಪ್ಪತ್ತೆರಡನೇ ಕಲಮಿನ ಸಂಸಾರ

19ನೇ ಶತಮಾನದ ಐರ್ಲೆಂಡಿನಲ್ಲಿ ಪೊಲೀಸ್ ಪೇದೆಯ ಮದುವೆಗೆ ಹುಡುಗಿಯ ಮನೆಯವರು ಒಪ್ಪಿದರಷ್ಟೇ ಸಾಲುತ್ತಿರಲಿಲ್ಲ, ಇಲಾಖೆಯೂ ಒಪ್ಪಬೇಕಿತ್ತು. ಏಳು ವರ್ಷ ಸೇವೆ ಮುಗಿಯುವ ತನಕ ಆ ಮಾತನ್ನೇ ಎತ್ತುವಂತಿರಲಿಲ್ಲ. ಹುಟ್ಟಿದ ಜಿಲ್ಲೆಯಲ್ಲಿ ಅವನಿಗೆ ಕೆಲಸ ಸಿಗುತ್ತಿರಲಿಲ್ಲ, ಮದುವೆಯಾದ ಮೇಲೆ ಹೆಂಡತಿಯ ತವರು ಜಿಲ್ಲೆಯೂ ಕೈತಪ್ಪುತ್ತಿತ್ತು. ಆಕೆ ಅಂಗಡಿ ಇಟ್ಟುಕೊಂಡು ನಾಲ್ಕು ಕಾಸು ಸಂಪಾದಿಸುವುದಕ್ಕೂ ನಿಷೇಧ. ನೆಂಟರಿಷ್ಟರು ಇರುವ ಊರಿನಲ್ಲಿ ಲಾಠಿ ಎತ್ತಲು ಕೈ ಬರುವುದಿಲ್ಲ ಎಂಬುದು ಸರ್ಕಾರದ ಲೆಕ್ಕಾಚಾರ.

ಭಾರತದ ಪೊಲೀಸರ ಸಂಸಾರದ ಕಥೆ ಶುರುವಾಗುವುದೂ ಇಲ್ಲಿಂದಲೇ. 1843ರಲ್ಲಿ ಸಿಂಧ್ ಪ್ರಾಂತ್ಯವನ್ನು ಗೆದ್ದ ಚಾರ್ಲ್ಸ್ ನೇಪಿಯರ್ ಅಲ್ಲಿನ ಪೊಲೀಸ್ ಪಡೆಯನ್ನು ಕಟ್ಟಿದ್ದು ಐರಿಷ್ ಮಾದರಿಯಲ್ಲಿ. 1857ರ ದಂಗೆ ಅಡಗಿದ ಮೇಲೆ ಬ್ರಿಟಿಷರು ದೇಶಕ್ಕೆಲ್ಲ ಒಂದೇ ಬಗೆಯ ಪೊಲೀಸ್ ವ್ಯವಸ್ಥೆ ತರಲು ಹೊರಟಾಗಲೂ ಕಣ್ಣೆದುರು ಇದ್ದದ್ದು ಅದೇ ಮಾದರಿ. ಹಾಗೆ ಬಂದ 1861ರ ಪೊಲೀಸ್ ಕಾಯ್ದೆಯ 22ನೇ ಕಲಂ ಪೊಲೀಸ್ ಅಧಿಕಾರಿಯನ್ನು ಸದಾ ಕರ್ತವ್ಯದಲ್ಲಿರುವವನೆಂದೇ ಪರಿಗಣಿಸಬೇಕು ಎಂದಿತು. ಊಟಕ್ಕೆ ಕೂತಾಗಲೂ, ಹೆಂಡತಿಯ ಹೆರಿಗೆಯ ಹೊತ್ತಿನಲ್ಲೂ ಅವನು ಕರ್ತವ್ಯದಲ್ಲೇ ಇರುತ್ತಾನೆ. ಬೇಡವೆನಿಸಿದರೆ ಬಿಟ್ಟುಹೋಗುವುದೂ ಸುಲಭವಲ್ಲ: ರಾಜೀನಾಮೆಗೆ ಮೇಲಧಿಕಾರಿಯ ಅನುಮತಿ ಬೇಕು, ಇಲ್ಲವೇ ಎರಡು ತಿಂಗಳು ಮುಂಚೆ ಲಿಖಿತ ನೋಟಿಸ್ ಕೊಡಬೇಕು.

ಬ್ರಿಟಿಷರು ಹೋದರೂ ಕಲಂ ಉಳಿಯಿತು. ಸ್ವತಂತ್ರ ಭಾರತದ ರಾಜ್ಯಗಳು ತಮ್ಮದೇ ಪೊಲೀಸ್ ಕಾಯ್ದೆಗಳನ್ನು ಬರೆದುಕೊಂಡಾಗಲೂ ಈ ತತ್ವ ಹೊಸ ಪುಸ್ತಕಗಳಿಗೆ ದಾಟಿತು.

ಕಾಯ್ದೆಯ ಆ ಸಾಲು ಮನೆಯೊಳಗೆ ಹೇಗೆ ಕಾಣುತ್ತದೆ ಎಂದು ತಿಳಿಯಲು ಗಣೇಶ ಹಬ್ಬದ ವಾರವೊಂದೇ ಸಾಕು. ಊರಿಗೆಲ್ಲ ರಜೆ, ಠಾಣೆಗೆ ಬಂದೋಬಸ್ತ್. ಹಗಲು ಪೆಂಡಾಲ್ ಕಾವಲು, ರಾತ್ರಿ ವಿಸರ್ಜನೆ ಮೆರವಣಿಗೆ, ನಡುವೆ ಕೋರ್ಟಿನ ಸಮನ್ಸ್, ಬೆಳಗ್ಗೆ ಮತ್ತೆ ರೋಲ್‌ಕಾಲ್. ಮಗಳ ನಾಮಕರಣಕ್ಕೆಂದು ಬರೆದ ಸಿಎಲ್ ಅರ್ಜಿ ರೈಟರ್ ಮೇಜಿನ ಮೇಲೆ ಕೂತಿರುತ್ತದೆ. ‘ಬಂದೋಬಸ್ತ್ ಮುಗೀಲಿ, ನೋಡೋಣ’ ಎಂಬ ಉತ್ತರ ಎಲ್ಲ ಠಾಣೆಗಳಲ್ಲೂ ಒಂದೇ. ಗಣೇಶ ಹೋದರೆ ದಸರಾ, ದಸರಾ ಮುಗಿದರೆ ಚುನಾವಣೆ. ಮಕ್ಕಳ ಶಾಲೆ, ಅತ್ತೆಯ ಆಸ್ಪತ್ರೆ, ಗ್ಯಾಸ್ ಸಿಲಿಂಡರು, ಎಲ್ಲವೂ ಹೆಂಡತಿಯ ತಲೆಯ ಮೇಲೆ. ಆಕೆಯೂ ಖಾಕಿ ತೊಟ್ಟವಳಾದರೆ ಮನೆ ನೋಡಿಕೊಳ್ಳುವವರು ಯಾರು ಎಂಬ ಪ್ರಶ್ನೆಗೆ ಉತ್ತರವೇ ಇಲ್ಲ.

ಇದನ್ನು ಸರ್ಕಾರಗಳು ತಿಳಿಯದೆ ಇರಲಿಲ್ಲ. ಧರ್ಮವೀರ ಅವರ ಅಧ್ಯಕ್ಷತೆಯ ರಾಷ್ಟ್ರೀಯ ಪೊಲೀಸ್ ಆಯೋಗ 1979ರಲ್ಲಿ ಕೊಟ್ಟ ಮೊದಲ ವರದಿಯೇ ಕಾನ್‌ಸ್ಟೆಬಲ್‌ಗಳ ಬದುಕಿನ ಬಗ್ಗೆ ಇತ್ತು. ಕೆಳಹಂತದ ಪೊಲೀಸರು ವಾರದ ಏಳೂ ದಿನ 10ರಿಂದ 16 ಗಂಟೆ ದುಡಿಯುತ್ತಾರೆ ಎಂದು ಅದು ದಾಖಲಿಸಿತು. 35 ವರ್ಷಗಳ ನಂತರ, 2014ರಲ್ಲಿ, ಹೈದರಾಬಾದಿನ ಅಡ್ಮಿನಿಸ್ಟ್ರೇಟಿವ್ ಸ್ಟಾಫ್ ಕಾಲೇಜು ಕೇಂದ್ರದ ಪೊಲೀಸ್ ಸಂಶೋಧನಾ ಬ್ಯೂರೋಗಾಗಿ ಅಧ್ಯಯನ ನಡೆಸಿದಾಗಲೂ ಚಿತ್ರ ಬದಲಾಗಿರಲಿಲ್ಲ. ಠಾಣಾ ಸಿಬ್ಬಂದಿಯಲ್ಲಿ ಸುಮಾರು ಶೇ 90ರಷ್ಟು ಮಂದಿ ದಿನಕ್ಕೆ 8 ಗಂಟೆಗಿಂತ ಹೆಚ್ಚು ದುಡಿಯುತ್ತಿದ್ದರು. ಶೇ 73ಕ್ಕೂ ಹೆಚ್ಚು ಮಂದಿಗೆ ತಿಂಗಳಿಗೊಂದು ವಾರದ ರಜೆಯೂ ದಕ್ಕುತ್ತಿರಲಿಲ್ಲ.

ಪೊಲೀಸರ ಸಂಸಾರಗಳು ಹೆಚ್ಚು ಮುರಿಯುತ್ತವೆ ಎಂಬ ಮಾತು ಲೋಕದಲ್ಲೆಲ್ಲ ಇದೆ. ಅಮೆರಿಕದ 2000ದ ಜನಗಣತಿಯನ್ನು ಹಿಡಿದು ಮೆಕಾಯ್ ಮತ್ತು ಆಮೊಡ್ ಎಂಬ ಸಂಶೋಧಕರು ಲೆಕ್ಕ ಹಾಕಿದಾಗ ಅದು ನಿಲ್ಲಲಿಲ್ಲ. ಅಲ್ಲಿನ ಪೊಲೀಸರ ವಿಚ್ಛೇದನ ಪ್ರಮಾಣ ಉಳಿದವರಿಗಿಂತ ತುಸು ಕಡಿಮೆಯೇ ಇತ್ತು. ಆದರೆ ಸಂಸಾರ ಮುರಿಯಲಿಲ್ಲ ಎಂದ ಮಾತ್ರಕ್ಕೆ ಅದು ಸುಖವಾಗಿದೆ ಎಂದಲ್ಲ. ಕೋರ್ಟಿಗೆ ಹೋಗದ ಬೇಸರ ಯಾವ ಗಣತಿಗೂ ಸಿಗುವುದಿಲ್ಲ.

ಕಷ್ಟ ಹೇಳಿಕೊಳ್ಳಲು ಸಂಘ ಕಟ್ಟೋಣವೆಂದರೆ 1966ರ ಪೊಲೀಸ್ ಪಡೆಗಳ ಹಕ್ಕು ನಿರ್ಬಂಧ ಕಾಯ್ದೆ ಅಡ್ಡ ನಿಂತಿದೆ. ಕರ್ನಾಟಕದಲ್ಲಿ 2016ರ ಜೂನ್ 4ರಂದು ಸಾಮೂಹಿಕ ರಜೆ ಹಾಕುವ ಕರೆ ಹೊರಟಾಗ ಸರ್ಕಾರ ಎಸ್ಮಾ ಹೇರಿತು, ಕರೆ ಕೊಟ್ಟ ಮುಂದಾಳುವನ್ನು ಬಂಧಿಸಿ ರಾಜದ್ರೋಹದ ಕೇಸು ಹಾಕಿತು. ಮುಷ್ಕರ ನಡೆಯಲಿಲ್ಲ. ಆದರೆ ಅದೇ ವರ್ಷ ರಾಘವೇಂದ್ರ ಔರಾದ್ಕರ್ ಸಮಿತಿ ವೇತನದ ಬಗ್ಗೆ ವರದಿ ಕೊಟ್ಟಿತು, 2019ರಲ್ಲಿ ಸಂಬಳ ಪರಿಷ್ಕರಣೆಯೂ ಆಯಿತು. ಹಣದ ಬೇಡಿಕೆ ಅಷ್ಟಿಷ್ಟು ಈಡೇರಿತು. ಹೊತ್ತಿನ ಬೇಡಿಕೆ ಹಾಗೇ ಉಳಿಯಿತು.

ಗಂಡಂದಿರು ಬಾಯಿ ಬಿಡುವಂತಿಲ್ಲವೆಂದಾಗ ಹೆಂಡಂದಿರು ಬೀದಿಗಿಳಿದದ್ದು ತೆಲಂಗಾಣದಲ್ಲಿ. 2024ರ ಅಕ್ಟೋಬರಿನಲ್ಲಿ ಅಲ್ಲಿನ ವಿಶೇಷ ಪೊಲೀಸ್ ಬೆಟಾಲಿಯನ್‌ಗಳ ಪೇದೆಗಳ ಹೆಂಡತಿಯರು ಮಕ್ಕಳನ್ನು ಕಟ್ಟಿಕೊಂಡು ರಸ್ತೆಯಲ್ಲಿ ಕೂತರು. ರಜೆ ಪದ್ಧತಿಯ ಬದಲಾವಣೆಯಿಂದ ಗಂಡಂದಿರು ಮನೆಗೆ ಬರುವುದೇ ಅಪರೂಪವಾಗುತ್ತದೆ ಎಂಬುದು ಅವರ ಸಿಟ್ಟು. ಇಲಾಖೆ ಶಿಕ್ಷಿಸಿದ್ದು ಮಾತ್ರ ಸಮವಸ್ತ್ರದಲ್ಲಿದ್ದವರನ್ನು: 39 ಮಂದಿ ಅಮಾನತು, 10 ಮಂದಿ ವಜಾ.

ಬೇರೆ ದಾರಿ ಇಲ್ಲವೆಂದೇನಲ್ಲ. 1910ರಲ್ಲೇ ಬ್ರಿಟನ್ ತನ್ನ ಪೊಲೀಸರಿಗೆ ವಾರದ ರಜೆಯನ್ನು ಕಾನೂನಾಗಿಸಿತು. ಇಲ್ಲಿಗೆ ಬಿಟ್ಟುಹೋದ ಕಾಯ್ದೆಯಲ್ಲಿ ಮಾತ್ರ 22ನೇ ಕಲಂ ಹಾಗೇ ಇತ್ತು. 2016ರ ಮೇ ತಿಂಗಳಲ್ಲಿ ಮುಂಬೈನ ದೇವನಾರ್ ಠಾಣೆ, ಕಾನ್‌ಸ್ಟೆಬಲ್ ಒಬ್ಬರು ಕೊಟ್ಟ ಯೋಜನೆಯಂತೆ 8 ಗಂಟೆಯ ಪಾಳಿ ಆರಂಭಿಸಿತು. ತಮಿಳುನಾಡು 2021ರಲ್ಲಿ ವಾರದ ರಜೆಗೆ ಆದೇಶ ಹೊರಡಿಸಿತು.

ಆದೇಶ ಬರೆಯುವುದು ಸುಲಭ, ರಜೆ ಹೋದವನ ಜಾಗದಲ್ಲಿ ನಿಲ್ಲಲು ಇನ್ನೊಬ್ಬ ಬೇಕು. ಎಲ್ಲ ಠಾಣೆಗಳಲ್ಲೂ 8 ಗಂಟೆಯ ಪಾಳಿ ತರಬೇಕಾದರೆ ಮಂಜೂರಾದ ಸಿಬ್ಬಂದಿ ಸಂಖ್ಯೆಯನ್ನು 1.68 ಪಟ್ಟು ಮಾಡಬೇಕು ಎಂದು 2014ರ ಅದೇ ಅಧ್ಯಯನ ಲೆಕ್ಕ ಕೊಟ್ಟಿದೆ. ಹುಟ್ಟುಹಬ್ಬಕ್ಕೆ ಒಂದು ದಿನ, ವಿವಾಹ ವಾರ್ಷಿಕೋತ್ಸವಕ್ಕೆ ಇನ್ನೊಂದು ದಿನ ರಜೆ ಎಂಬ ಸುತ್ತೋಲೆಗಳು ಸಂತೋಷವೇ. ಆದರೆ ನೇಮಕಾತಿ ಇಲ್ಲದೆ ಹೊರಡುವ ಅಂಥ ಸುತ್ತೋಲೆ ಒಬ್ಬನ ಮನೆಗೆ ಕೊಟ್ಟ ದಿನವನ್ನು ಇನ್ನೊಬ್ಬನ ಮನೆಯಿಂದ ಕಿತ್ತುಕೊಳ್ಳುತ್ತದೆ.