ಬ್ರೇಕ್ ಆಯಿಲ್ ಪುರಾಣ: ಹರಳೆಣ್ಣೆಯಿಂದ ಇಲ್ಲಿಯವರೆಗೆ

ಮುಂಬಯಿಯ ಯಾವ ಗ್ಯಾರೇಜಿಗೆ ಹೋದರೂ ಅದನ್ನು ಕರೆಯುವುದು "ಬ್ರೇಕ್ ಆಯಿಲ್" ಎಂದೇ. ಬ್ರೇಕ್ ಫ್ಲೂಯಿಡ್ ಎಂದು ಕೇಳಿ ನೋಡಿ, ಮಿಸ್ತ್ರಿ ಒಂದು ಕ್ಷಣ ನಿಮ್ಮ ಮುಖ ನೋಡಿ, "ಅಚ್ಛಾ, ಬ್ರೇಕ್ ಆಯಿಲ್!" ಎಂದು ತಿದ್ದುತ್ತಾನೆ. ತಮಾಷೆಯೆಂದರೆ ಇವತ್ತು ನಮ್ಮ ಕಾರುಗಳಿಗೆ ಹಾಕುವ ಆ ದ್ರವ ಎಣ್ಣೆಯೇ ಅಲ್ಲ. ಎಂಜಿನ್ ಆಯಿಲನ್ನು ಗೊತ್ತಿಲ್ಲದೆ ಬ್ರೇಕಿನ ಡಬ್ಬಿಗೆ ಸುರಿದರೆ ಒಳಗಿನ ರಬ್ಬರ್ ಸೀಲುಗಳು ಉಬ್ಬಿ ಮೆತ್ತಗಾಗಿ ಇಡೀ ಬ್ರೇಕ್ ಕೆಟ್ಟುಹೋಗುತ್ತದೆ. ಆದರೆ ಹೆಸರಿಗೆ ತಕ್ಕಂತೆ ಅದು ನಿಜವಾಗಿಯೂ ಎಣ್ಣೆಯಾಗಿದ್ದ ಕಾಲವೂ ಒಂದಿತ್ತು. ಯಾವ ಎಣ್ಣೆ ಗೊತ್ತೇ? ನಮ್ಮ ಹರಳೆಣ್ಣೆ! ಉತ್ತರ ಕರ್ನಾಟಕದವರು ಔಡಲೆಣ್ಣೆ ಅನ್ನುತ್ತಾರಲ್ಲ, ಅದೇ. ಅಮ್ಮಂದಿರು ತಿಂಗಳಿಗೊಮ್ಮೆ ಮೂಗು ಹಿಡಿದು ಕುಡಿಸುತ್ತಿದ್ದ, ಎತ್ತಿನ ಗಾಡಿಯ ಅಚ್ಚಿಗೆ ಸವರುತ್ತಿದ್ದ ಆ ಅಂಟುಅಂಟು ಎಣ್ಣೆ ಒಂದು ಕಾಲಕ್ಕೆ ಮೋಟಾರು ಕಾರುಗಳನ್ನು ನಿಲ್ಲಿಸುತ್ತಿತ್ತು.

ಕಥೆಯನ್ನು ಸ್ವಲ್ಪ ಹಿಂದಿನಿಂದ ಹೇಳಬೇಕು. ಕಾರು ಹುಟ್ಟಿದ ಮೊದಲ ಮೂರು ದಶಕ ಬ್ರೇಕ್ ಎಂದರೆ ಕಬ್ಬಿಣದ ಸರಳು, ತಂತಿ, ಸನ್ನೆಗೋಲು ಇಷ್ಟೇ. ಪೆಡಲ್ ತುಳಿದರೆ ಸರಳು ಎಳೆಯಬೇಕು, ಚಕ್ರ ಹಿಡಿಯಬೇಕು. ನಾಲ್ಕು ಚಕ್ರಕ್ಕೂ ಸಮನಾಗಿ ಬಲ ಹೋಗುವಂತೆ ಆ ತಂತಿಗಳನ್ನು ಹದ ಮಾಡುವುದೇ ದೊಡ್ಡ ತಲೆನೋವು. ಒಂದು ಕಡೆ ಬಿಗಿ, ಇನ್ನೊಂದು ಕಡೆ ಸಡಿಲ ಆದರೆ ಗಾಡಿ ನಿಲ್ಲುವ ಬದಲು ಪಕ್ಕಕ್ಕೆ ತಿರುಗುತ್ತದೆ. ಇದಕ್ಕೆ ಪರಿಹಾರ ಎಷ್ಟೋ ವರ್ಷಗಳಿಂದ ಪುಸ್ತಕದಲ್ಲಿ ಬಿದ್ದಿತ್ತು. ಮುಚ್ಚಿದ ಪಾತ್ರೆಯೊಳಗಿನ ದ್ರವವನ್ನು ಒಂದು ಕಡೆ ಒತ್ತಿದರೆ ಆ ಒತ್ತಡ ಎಲ್ಲ ಕಡೆಗೂ ಸಮನಾಗಿ ಹರಡುತ್ತದೆ ಎಂದು ಫ್ರಾನ್ಸಿನ ಬ್ಲೇಸ್ ಪಾಸ್ಕಲ್ 17ನೇ ಶತಮಾನದಲ್ಲೇ ಹೇಳಿದ್ದ. 1795ರಲ್ಲಿ ಇಂಗ್ಲೆಂಡಿನ ಜೋಸೆಫ್ ಬ್ರಾಮಾ ಅದೇ ತತ್ವದ ಮೇಲೆ ಹೈಡ್ರಾಲಿಕ್ ಪ್ರೆಸ್ ಮಾಡಿ ಪೇಟೆಂಟ್ ಪಡೆದಿದ್ದ. ಕಾರಿಗೆ ಅದನ್ನು ತರಲು ಬೇಕಾಗಿದ್ದದ್ದು ಒಬ್ಬ ಹಟವಾದಿ.

ಆತ ಅಮೆರಿಕದ ಮಾಲ್ಕಮ್ ಲಾಕ್‌ಹೀಡ್. ಹೌದು, ವಿಮಾನ ಕಂಪನಿಯ ಲಾಕ್‌ಹೀಡೇ! ಅಣ್ಣತಮ್ಮಂದಿರು ಸೇರಿ ವಿಮಾನ ಕಟ್ಟುತ್ತಿದ್ದರು. ಮನೆತನದ ಹೆಸರಿನ ಕಾಗುಣಿತ ಲೌಹೆಡ್ ಎಂದು ಓದುವಂತಿದ್ದರಿಂದ ಜನ ಬಾಯಿಗೆ ಬಂದಂತೆ ಕರೆಯುತ್ತಿದ್ದರು, ಅದಕ್ಕೇ ಉಚ್ಚಾರಕ್ಕೆ ತಕ್ಕಂತೆ ಕಾಗುಣಿತ ಬದಲಿಸಿದರು. 1919ರಲ್ಲಿ ಮಾಲ್ಕಮ್ ವಿಮಾನದ ವ್ಯವಹಾರ ಬಿಟ್ಟು ಡೆಟ್ರಾಯಿಟ್‌ಗೆ ಹೋಗಿ ಬ್ರೇಕಿನ ಹಿಂದೆ ಬಿದ್ದ. 1921ರ ಜುಲೈನಲ್ಲಿ ಫ್ರಾನ್ಸಿನ ಲ ಮಾನ್‌ನಲ್ಲಿ ನಡೆದ ಗ್ರಾಂಡ್ ಪ್ರಿ ಓಟವನ್ನು ಜಿಮ್ಮಿ ಮರ್ಫಿ ಎಂಬ ಅಮೆರಿಕನ್ ಡ್ಯೂಸನ್‌ಬರ್ಗ್ ಕಾರಿನಲ್ಲಿ ಗೆದ್ದಾಗ ಆ ಕಾರಿಗೆ ಇದ್ದದ್ದು ಹೈಡ್ರಾಲಿಕ್ ಬ್ರೇಕ್. ಅದರ ಕೊಳವೆಯೊಳಗೆ ಹರಿಯುತ್ತಿದ್ದದ್ದು ನೀರು ಮತ್ತು ಗ್ಲಿಸರಿನ್ ಮಿಶ್ರಣ! ಅದೇ ವರ್ಷ ಡ್ಯೂಸನ್‌ಬರ್ಗ್ ಕಂಪನಿ ಜನ ಕೊಳ್ಳುವ ಕಾರಿನಲ್ಲೂ ನಾಲ್ಕೂ ಚಕ್ರಕ್ಕೆ ಹೈಡ್ರಾಲಿಕ್ ಬ್ರೇಕ್ ಕೊಟ್ಟಿತು. ಅದು ಶ್ರೀಮಂತರ ಕಾರು. 1924ರಲ್ಲಿ ಕ್ರೈಸ್ಲರ್ ಎಂಬ ಮಧ್ಯಮ ಬೆಲೆಯ ಕಾರಿಗೆ ಇದು ಬಂದ ಮೇಲೆ ವಿಷಯ ಬೀದಿಗೆ ಬಂತು.

ಮೊದಮೊದಲು ಸೀಲುಗಳು ಚರ್ಮದವು. ಸೋರುತ್ತಿದ್ದವು. ಚರ್ಮದ ಬದಲು ರಬ್ಬರ್ ಬಂತು, ಸೋರುವುದು ಕಡಿಮೆಯಾಯಿತು, ಆದರೆ ಹೊಸ ಪ್ರಶ್ನೆ ಎದ್ದಿತು. ರಬ್ಬರನ್ನು ತಿನ್ನದ ದ್ರವ ಯಾವುದು? ಪೆಟ್ರೋಲಿಯಂ ಎಣ್ಣೆ ನೈಸರ್ಗಿಕ ರಬ್ಬರಿಗೆ ವಿಷ. ನೀರು ಹಾಕಿದರೆ ತುಕ್ಕು, ಚಳಿದೇಶದಲ್ಲಿ ಮಂಜುಗಡ್ಡೆ. ಇಲ್ಲಿ ಹರಳೆಣ್ಣೆ ಕೈಹಿಡಿಯಿತು. ಅದು ರಬ್ಬರಿಗೆ ತೊಂದರೆ ಕೊಡುವುದಿಲ್ಲ, ಜಾರಿಕೆಯೂ ಚೆನ್ನಾಗಿದೆ. ಜೊತೆಗೆ ಬೇರೆ ಅಡುಗೆ ಎಣ್ಣೆಗಳಿಗೆ ಇಲ್ಲದ ಒಂದು ಗುಣ ಅದಕ್ಕಿದೆ, ಆಲ್ಕೋಹಾಲಿನಲ್ಲಿ ಸರಾಗವಾಗಿ ಬೆರೆಯುತ್ತದೆ. ಬರೀ ಹರಳೆಣ್ಣೆ ಜೇನಿನಂತೆ ಗಟ್ಟಿ. ಆಲ್ಕೋಹಾಲ್ ಬೆರೆಸಿದರೆ ತೆಳ್ಳಗೆ ಹರಿಯುತ್ತದೆ. ಹೀಗೆ ಬ್ರೇಕ್ ಆಯಿಲ್ ಹುಟ್ಟಿತು.

ಸೋವಿಯತ್ ರಷ್ಯಾದಲ್ಲಂತೂ ಈ ಹರಳೆಣ್ಣೆ ದ್ರವ ದಶಕಗಟ್ಟಲೆ ಉಳಿಯಿತು. ಬಿಎಸ್‌ಕೆ ಎಂದು ಅದರ ಹೆಸರು. ಅರ್ಧ ಬ್ಯುಟನಾಲ್, ಅರ್ಧ ಹರಳೆಣ್ಣೆ, ಕೆಂಪು ಬಣ್ಣ. ವೋಲ್ಗಾ, ಮಾಸ್ಕ್‌ವಿಚ್ ಕಾರುಗಳು ಅದರ ಮೇಲೆಯೇ ಓಡಿದವು, ಅಲ್ಲಲ್ಲ, ನಿಂತವು.

ಎಲ್ಲರೂ ಇದನ್ನು ಒಪ್ಪಿದರೆಂದಲ್ಲ. ಹೆನ್ರಿ ಫೋರ್ಡ್ ಕೊನೆಯವರೆಗೂ ಜಗ್ಗಾಡಿದ. ಪೆಡಲಿನಿಂದ ಚಕ್ರದವರೆಗೆ ಉಕ್ಕಿನ ಸರಳಿದ್ದರೆ ಮಾತ್ರ ನಂಬಿಕೆ, ಕೊಳವೆಯೊಳಗಿನ ದ್ರವವನ್ನು ನಂಬುವುದು ಹೇಗೆ ಎಂಬುದು ಅವನ ಕಂಪನಿಯ ವಾದ. ಷೆವರ್ಲೆ 1936ಕ್ಕೇ ಹೈಡ್ರಾಲಿಕ್‌ಗೆ ಬದಲಾದರೂ ಫೋರ್ಡ್ ಬದಲಾಗಲು 1939 ಆಯಿತು. ಫೋರ್ಡನನ್ನು ಹಳೇ ತಲೆ ಎಂದು ನಗುವವರಿದ್ದಾರೆ, ನಾನು ನಗುವುದಿಲ್ಲ. ಒಂದೇ ಕೊಳವೆ ಜಾಲದ ಆ ಕಾಲದ ಬ್ರೇಕಿನಲ್ಲಿ ಒಂದು ಕಡೆ ಸೋರಿದರೆ ನಾಲ್ಕೂ ಚಕ್ರದ ಬ್ರೇಕ್ ಹೋಗುತ್ತಿತ್ತು. ಅಮೆರಿಕದಲ್ಲಿ ಕಾರುಗಳಿಗೆ ಎರಡು ಪ್ರತ್ಯೇಕ ಜಾಲ ಕಡ್ಡಾಯವಾದದ್ದು 1968ರಲ್ಲಿ. ಅವನ ಅನುಮಾನ ಪೂರ್ತಿ ಸುಳ್ಳಾಗಿರಲಿಲ್ಲ.

ಹರಳೆಣ್ಣೆ ದ್ರವದ ನಿಜವಾದ ಶತ್ರು ಶಾಖ. ಸಾಮಾನ್ಯ ಆಲ್ಕೋಹಾಲ್ 78 ಡಿಗ್ರಿಗೇ ಕುದಿಯುತ್ತದೆ. ಕಾರುಗಳ ವೇಗ, ತೂಕ ಹೆಚ್ಚಿದಂತೆ ಬ್ರೇಕ್ ಬಿಸಿಯೂ ಹೆಚ್ಚಿತು. ಕೊಳವೆಯೊಳಗೆ ದ್ರವ ಕುದಿದರೆ ಆವಿಯ ಗುಳ್ಳೆ ಬರುತ್ತದೆ. ದ್ರವವನ್ನು ಒತ್ತಿದರೆ ಕುಗ್ಗುವುದಿಲ್ಲ, ಆವಿ ಕುಗ್ಗುತ್ತದೆ. ನೀವು ತುಳಿದ ಬಲವೆಲ್ಲ ಗುಳ್ಳೆ ಕುಗ್ಗಿಸುವುದಕ್ಕೇ ಹೋಗಿ ಪೆಡಲ್ ನೆಲ ಮುಟ್ಟುತ್ತದೆ, ಗಾಡಿ ನಿಲ್ಲುವುದಿಲ್ಲ. ಇದಕ್ಕೇ ವೇಪರ್ ಲಾಕ್ ಎನ್ನುವುದು. ಎರಡನೇ ಮಹಾಯುದ್ಧದ ನಂತರ ಗ್ಲೈಕಾಲ್ ಈಥರ್ ಎಂಬ ರಾಸಾಯನಿಕಗಳು ಹರಳೆಣ್ಣೆಯ ಜಾಗ ಹಿಡಿದವು. ಇವು ಕುದಿಯಲು 200 ಡಿಗ್ರಿ ದಾಟಬೇಕು. ಎಣ್ಣೆ ಹೋಯಿತು, 'ಆಯಿಲ್' ಎಂಬ ಹೆಸರು ಮಾತ್ರ ಉಳಿಯಿತು.

ಆದರೆ ಗ್ಲೈಕಾಲ್‌ಗೆ ಒಂದು ಚಟ ಇದೆ. ನೀರು ಕುಡಿಯುವ ಚಟ! ಮಳೆಗಾಲದಲ್ಲಿ ಡಬ್ಬಿ ಮುಚ್ಚಳ ಸಡಿಲವಿದ್ದರೆ ಉಪ್ಪು ನೀರೊಡೆಯುವುದಿಲ್ಲವೇ, ಅದೇ ರೀತಿ. ಡಬ್ಬಿಯ ಮುಚ್ಚಳದಲ್ಲಿರುವ ಗಾಳಿ ರಂಧ್ರದಿಂದ, ರಬ್ಬರ್ ಹೋಸುಗಳ ಗೋಡೆಯ ಮೂಲಕವೂ ಗಾಳಿಯ ತೇವ ಒಳಗೆ ಸೇರುತ್ತದೆ. ಗಾಡಿ ಓಡಲಿ ಬಿಡಲಿ, ಇದು ನಡೆಯುತ್ತಲೇ ಇರುತ್ತದೆ. ಇದು ಬರೀ ದೋಷ ಎಂದುಕೊಳ್ಳಬೇಡಿ. ನೀರು ಹೇಗೂ ಒಳಗೆ ಬರುವುದೇ ಆದರೆ ದ್ರವದಲ್ಲಿ ಬೆರೆತು ಹಂಚಿಹೋಗುವುದೇ ಮೇಲು. ಬೆರೆಯದಿದ್ದರೆ ಅದು ತಗ್ಗಿನ ಜಾಗದಲ್ಲಿ, ಅಂದರೆ ಚಕ್ರದ ಹತ್ತಿರವೇ ನಿಂತು, ಅಲ್ಲಿ ತುಕ್ಕು ಹಿಡಿಸಿ, 100 ಡಿಗ್ರಿಗೇ ಕುದಿಯುತ್ತದೆ. ಸಿಲಿಕೋನ್ ದ್ರವದ ಕಷ್ಟ ಇದೇ. ಅದಕ್ಕೇ ಅದು ಮಿಲಿಟರಿ ವಾಹನಗಳಿಗೆ, ವಿಂಟೇಜ್ ಕಾರುಗಳಿಗೆ ಸೀಮಿತವಾಯಿತು. ಫ್ರಾನ್ಸಿನ ಸಿಟ್ರೋಯನ್ 1966ರಲ್ಲಿ ಹಸಿರು ಬಣ್ಣದ ಖನಿಜ ಎಣ್ಣೆ ತಂದು, ಅದಕ್ಕೆ ಹೊಂದುವ ಬೇರೆ ರಬ್ಬರ್ ಹಾಕಿ ತನ್ನದೇ ದಾರಿ ಹಿಡಿಯಿತು. ಉಳಿದವರಲ್ಲಿ ಹೆಚ್ಚಿನವರು ಹಿಂಬಾಲಿಸಲಿಲ್ಲ.

ಅಮೆರಿಕ ಸರಕಾರ 1968ರಲ್ಲಿ ಬ್ರೇಕ್ ದ್ರವಕ್ಕೆ ಕಾನೂನಿನ ಮಟ್ಟ ಹಾಕಿತು, ಮುಂದೆ ಡಾಟ್ 3, ಡಾಟ್ 4, ಡಾಟ್ 5 ಎಂಬ ದರ್ಜೆಗಳು ಬಂದವು. ಡಾಟ್ ಎಂದರೆ ಅಲ್ಲಿಯ ಸಾರಿಗೆ ಇಲಾಖೆಯ ಹೆಸರಿನ ಮೊದಲಕ್ಷರಗಳು, 1967ರಲ್ಲಿ ಶುರುವಾದ ಇಲಾಖೆ. ಈಗ ಧಾರಾವಿಯ ಸಣ್ಣ ಬಿಡಿಭಾಗದ ಅಂಗಡಿಯಲ್ಲೂ ಆ ಮೂರಕ್ಷರ ಡಬ್ಬಿಯ ಮೇಲಿರುತ್ತದೆ. ಈ ಕಾನೂನಿನ ಜಾಣತನ ನನಗೆ ಬಹಳ ಹಿಡಿಸಿತು. ಹೊಸ ದ್ರವದ ಕುದಿಬಿಂದು ಕೇಳಿ ಸುಮ್ಮನಾಗಲಿಲ್ಲ, ನೀರು ಕುಡಿದ ಮೇಲೆ ಎಷ್ಟು ಎಂದೂ ಕೇಳಿತು. ಡಾಟ್ 3 ಹೊಸದಿದ್ದಾಗ ಕನಿಷ್ಠ 205 ಡಿಗ್ರಿ, ಸುಮಾರು ಶೇಕಡಾ 3.7 ನೀರು ಸೇರಿದ ಮೇಲೆ 140. ಡಾಟ್ 4ಕ್ಕೆ 230, ನೀರು ಸೇರಿದ ಮೇಲೆ 155. ಅರ್ಧ ಲೀಟರಿಗೆ ಲೆಕ್ಕ ಹಾಕಿ ನೋಡಿ, ಮೂರ್ನಾಲ್ಕು ಟೀ ಚಮಚ ನೀರು. ಅಷ್ಟಕ್ಕೇ 65ರಿಂದ 75 ಡಿಗ್ರಿ ಸೋತುಹೋಯಿತು! ಬ್ಯಾಂಕಿನ ಭಾಷೆಯಲ್ಲಿ ಹೇಳುವುದಾದರೆ ಇದು ಪುಸ್ತಕದಲ್ಲಿ ಎಂಟ್ರಿ ಬೀಳದ ಸವಕಳಿ.

ಈಗ ಘಾಟಿಗೆ ಬನ್ನಿ. ಮೇ ತಿಂಗಳ ರಜೆಯಲ್ಲಿ ಮುಂಬಯಿ, ಪುಣೆಯಿಂದ ಕಾರು ತೆಗೆದುಕೊಂಡು ಕೊಲ್ಹಾಪುರ, ಬೆಳಗಾವಿ ದಾಟಿ ಊರಿಗೆ ಹೋಗುವವರು ನಮ್ಮಲ್ಲಿ ಎಷ್ಟು ಜನ! ಖಂಬಾಟ್ಕಿ ಘಾಟು ದಾಟಿ, ಕೊನೆಗೆ ಆಗುಂಬೆಯನ್ನೋ ಚಾರ್ಮಾಡಿಯನ್ನೋ ಇಳಿಯಬೇಕು. ಸಂಸಾರ, ಸಾಮಾನು ಸೇರಿ ಒಂದು ಟನ್ ತೂಗುವ ಸಣ್ಣ ಕಾರು 500 ಮೀಟರ್ ಎತ್ತರದಿಂದ ಕೆಳಗಿಳಿಯಿತು ಅನ್ನಿ. ಆ ಇಳಿತದ ಶಕ್ತಿಯನ್ನೆಲ್ಲ ಬ್ರೇಕಿನಿಂದಲೇ ತಡೆದರೆ ಹುಟ್ಟುವ ಶಾಖ ಸುಮಾರು 15 ಲೀಟರ್ ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರಲು ಸಾಕು. ಒಂದು ಬಕೆಟ್ ನೀರು! ಇಳಿಯುವಾಗ ಸೆಕೆಂಡ್ ಗೇರಿನಲ್ಲಿ ಇಳಿಸಿದರೆ ಇದರ ದೊಡ್ಡ ಪಾಲನ್ನು ಎಂಜಿನ್ ಹೊರುತ್ತದೆ. ಪೆಟ್ರೋಲ್ ಉಳಿಸಲು ನ್ಯೂಟ್ರಲ್‌ಗೆ ಹಾಕಿ ಇಳಿಸುವ ಜಾಣರಿದ್ದಾರಲ್ಲ, ಅವರ ಕಾರಿನಲ್ಲಿ ಪೂರ್ತಿ ಬಕೆಟ್ ಬ್ರೇಕಿನ ತಲೆಯ ಮೇಲೆ. ಎಂಜಿನ್ನನ್ನೂ ಬಂದ್ ಮಾಡಿದರೆ ಕೆಲವೇ ಸಲ ತುಳಿಯುವಷ್ಟರಲ್ಲಿ ಬೂಸ್ಟರ್ ಸಹಾಯವೂ ಹೋಗುತ್ತದೆ.

ಇಲ್ಲಿ ನನ್ನನ್ನು ಕಾಡುವ ಸಂಗತಿ ಬೇರೆ ಇದೆ. ಬ್ರೇಕ್ ಪ್ಯಾಡ್ ಕಾದು ಹಿಡಿತ ತಪ್ಪಿದರೆ ಪೆಡಲ್ ಗಟ್ಟಿಯಾಗಿಯೇ ಇರುತ್ತದೆ, ಸುಟ್ಟ ವಾಸನೆ ಬರುತ್ತದೆ, ಗುರುತು ಉಳಿಯುತ್ತದೆ. ದ್ರವ ಕುದಿದರೆ ಹಾಗಲ್ಲ. ಅರ್ಧ ಗಂಟೆ ಬಿಟ್ಟು ತಣ್ಣಗಾದ ಮೇಲೆ ಆವಿ ಮತ್ತೆ ದ್ರವವಾಗುತ್ತದೆ, ಪೆಡಲ್ ಮೊದಲಿನಂತೆ ಗಟ್ಟಿ. "ಬ್ರೇಕ್ ಹಿಡಿಯಲೇ ಇಲ್ಲ ಸಾರ್" ಎಂದು ಡ್ರೈವರ್ ಬಡಕೊಳ್ಳುತ್ತಾನೆ. ತಪಾಸಣೆಗೆ ಬಂದವರು ತುಳಿದು ನೋಡಿದರೆ ಬ್ರೇಕ್ ಸರಿಯಾಗಿಯೇ ಇದೆ! ತಪ್ಪು ಡ್ರೈವರನ ತಲೆಗೆ. ದ್ರವದ ನೀರನ್ನು ಅಳೆದು ನೋಡಿದರೆ ಮಾತ್ರ ಸತ್ಯ ಗೊತ್ತಾಗುವ ಸಾಧ್ಯತೆ ಇರುತ್ತದೆ. (ದೊಡ್ಡ ಲಾರಿ, ಬಸ್ಸುಗಳದ್ದು ಗಾಳಿಯ ಬ್ರೇಕ್, ಅವುಗಳ ಬ್ರೇಕ್ ಫೇಲ್ ಕಥೆ ಬೇರೆ.)

ಇನ್ನು ಬದಲಾಯಿಸುವುದು ಯಾವಾಗ? ನಮ್ಮಲ್ಲಿ ಮಾರುವ ಹಲವು ಕಾರುಗಳ ಕೈಪಿಡಿ ಎರಡು ವರ್ಷ ಅಥವಾ 40,000 ಕಿಲೋಮೀಟರ್, ಯಾವುದು ಮೊದಲೋ ಅದು ಎನ್ನುತ್ತದೆ. ಜರ್ಮನರದ್ದೂ ಎರಡು ವರ್ಷದ ಪದ್ಧತಿ. ಅಮೆರಿಕದ ಅನೇಕ ಕಂಪನಿಗಳ ಕೈಪಿಡಿಯಲ್ಲಿ ಬಹುಕಾಲ ಇಂಥ ಅವಧಿಯೇ ಇರಲಿಲ್ಲ. ನನ್ನ ಮಟ್ಟಿಗೆ ಮುಂಬಯಿ, ಮಂಗಳೂರು, ಚೆನ್ನೈನಂಥ ಕಡಲ ತೀರದ ಊರಿನಲ್ಲಿ ಎರಡು ವರ್ಷವನ್ನು ಒಂದು ದಿನವೂ ದಾಟಿಸಬಾರದು, ಅದೂ ಮಳೆಗಾಲ ಮುಗಿದ ಮೇಲೆ ಮಾಡಿಸುವುದು ವಾಸಿ. ಕಿಲೋಮೀಟರ್ ನೋಡಿ ಮೋಸ ಹೋಗಬೇಡಿ. ಸೊಸೈಟಿಯ ಕೆಳಗೆ ಕವರ್ ಹೊದ್ದು ಮಲಗಿರುವ, ವರ್ಷಕ್ಕೆ ಮೂರು ಸಾವಿರ ಕಿಲೋಮೀಟರ್ ಓಡದ ಕಾರಿನಲ್ಲೂ ದ್ರವ ನೀರು ಕುಡಿಯುತ್ತಿರುತ್ತದೆ. ಅಂಥ ಕಾರೇ ರಜೆಯಲ್ಲಿ ನೇರವಾಗಿ ಘಾಟಿಗೆ ಹೋಗುವುದು!

ಗ್ಯಾರೇಜಿನಲ್ಲಿ "ಟಾಪ್ ಅಪ್ ಮಾರ್ ದಿಯಾ ಸಾಬ್" ಎಂದರೆ ಬದಲಾಯಿಸಿದ ಹಾಗಲ್ಲ. ಪ್ಯಾಡ್ ಸವೆದಂತೆ ಡಬ್ಬಿಯಲ್ಲಿ ಮಟ್ಟ ಸ್ವಲ್ಪ ಇಳಿಯುವುದು ಸಹಜ. ಮೇಲೆ ನಾಲ್ಕು ಚಮಚ ಹೊಸದು ಸುರಿದರೆ ಚಕ್ರದ ಹತ್ತಿರವಿರುವ ಹಳೆಯದು ಅಲ್ಲೇ ಇರುತ್ತದೆ, ಕುದಿಯುವುದೂ ಅಲ್ಲೇ. ನಾಲ್ಕೂ ಚಕ್ರದಲ್ಲಿ ನಿಪ್ಪಲ್ ಬಿಚ್ಚಿ ಹಳೆಯದನ್ನು ಹೊರಗೆ ಹರಿಸಬೇಕು. ಬಣ್ಣ ನೋಡಿ ಹೇಳುವುದೂ ನಂಬಿಕೆಯ ಮಾತಲ್ಲ, ನೀರಿಗೆ ಬಣ್ಣವಿಲ್ಲವಲ್ಲ. ಪರೀಕ್ಷಿಸುವ ಪೆನ್ನಿನಂಥ ಮೀಟರ್ ಸಿಗುತ್ತದೆ, ಅದು ಅಂದಾಜಿಗೆ ಪರವಾಗಿಲ್ಲ. ಮೂಲೆಯಲ್ಲಿ ತಿಂಗಳುಗಟ್ಟಲೆ ತೆರೆದಿಟ್ಟ ಡಬ್ಬಿಯದ್ದು ಬೇಡ, ಸೀಲ್ ಇರುವ ಬಾಟಲಿಯನ್ನು ಎದುರಿಗೇ ಒಡೆಸಿ. ಖರ್ಚು ಕೆಲವು ನೂರು ರೂಪಾಯಿ, ಮಜೂರಿ ಬೇರೆ. ಕಾರಿನ ಬಣ್ಣದ ಮೇಲೆ ಚೆಲ್ಲಿದರೆ ತಕ್ಷಣ ನೀರು ಹಾಕಿ ತೊಳೆಸಿ, ಗ್ಲೈಕಾಲ್ ಪೇಂಟ್ ತಿನ್ನುತ್ತದೆ. ಮಕ್ಕಳ ಬೈಕಿಗೆ ಡಿಸ್ಕ್ ಬ್ರೇಕ್ ಇದ್ದರೆ ಹ್ಯಾಂಡಲ್ ಮೇಲಿನ ಪುಟ್ಟ ಡಬ್ಬಿಯಲ್ಲೂ ಇದೇ ದ್ರವ, ಅದನ್ನಂತೂ ಯಾರೂ ನೆನೆಸುವುದೇ ಇಲ್ಲ.

2019ರ ಏಪ್ರಿಲ್‌ನಿಂದ ನಮ್ಮ ದೇಶದ ಹೊಸ ಕಾರುಗಳಿಗೆಲ್ಲ ಎಬಿಎಸ್ ಕಡ್ಡಾಯವಾಗಿದೆ. ಅದರೊಳಗಿನ ಸೂಕ್ಷ್ಮ ವಾಲ್ವುಗಳಿಗೆ ತುಕ್ಕು ಹಿಡಿದರೆ ಬಿಲ್ಲು ಸಾವಿರಗಳಲ್ಲಿ. ಆದರೂ ಕಾನೂನು ಈ ದ್ರವದ ಕಡೆ ನೋಡುವುದಿಲ್ಲ. ಟ್ಯಾಕ್ಸಿಗಳಿಗೆ ಆಗಾಗ ಫಿಟ್‌ನೆಸ್ ಪರೀಕ್ಷೆ ಇದೆ, ಖಾಸಗಿ ಕಾರಿಗೆ ಹದಿನೈದು ವರ್ಷ ತುಂಬುವವರೆಗೆ ಯಾರೂ ಬ್ರೇಕ್ ಮುಟ್ಟಿ ನೋಡುವುದಿಲ್ಲ. ಪಿಯುಸಿಯವನು ಹೊಗೆ ನೋಡುತ್ತಾನೆ, ವಿಮೆಯವನು ಕಾಗದ ನೋಡುತ್ತಾನೆ, ಸಾಲ ಕೊಡುವ ನಾವು ಆರ್‌ಸಿ ನೋಡುತ್ತೇವೆ.

ಎಲೆಕ್ಟ್ರಿಕ್ ಕಾರು ಕೊಂಡ ಮಿತ್ರರೊಬ್ಬರು ಇನ್ನು ಈ ತಾಪತ್ರಯವಿಲ್ಲ ಎಂದು ನಿರಾಳವಾಗಿದ್ದರು. ಅವುಗಳಲ್ಲಿ ಮೋಟಾರೇ ವೇಗ ತಗ್ಗಿಸಿ ಬ್ಯಾಟರಿಗೆ ವಿದ್ಯುತ್ ವಾಪಸ್ ಕೊಡುವುದರಿಂದ ಪ್ಯಾಡುಗಳು ಬಹಳ ಕಾಲ ಬಾಳುತ್ತವೆ ನಿಜ. ಆದರೆ ಬ್ಯಾಟರಿ ಪೂರ್ತಿ ತುಂಬಿಕೊಂಡು ಘಾಟಿಯ ತುದಿಯಿಂದ ಇಳಿಯಲು ಹೊರಟರೆ ಆ ವಿದ್ಯುತ್ತಿಗೆ ಒಳಗೆ ಜಾಗವಿರುವುದಿಲ್ಲ, ಆಗ ಕೆಲಸವೆಲ್ಲ ಮತ್ತೆ ಹಳೆಯ ಬ್ರೇಕಿಗೇ ಬೀಳಬಹುದು. ಬಾನೆಟ್ ತೆಗೆಸಿ ತೋರಿಸಿದೆ. ಅಲ್ಲೂ ಅದೇ ಬಿಳಿ ಡಬ್ಬಿ, ಮುಚ್ಚಳದ ಮೇಲೆ ಡಾಟ್ 4.