‘ಮನೆಯಲ್ಲೇ ಬರೆದು ತಿಂಗಳಿಗೆ 30 ಸಾವಿರ ಗಳಿಸಿ’: ಈ ಫಾರ್ವರ್ಡ್ ನಂಬಬಹುದೇ?

ಅನುಭವ ಬೇಕಿಲ್ಲ, ಮೊಬೈಲ್ ಇದ್ದರೆ ಸಾಕು, ದಿನಕ್ಕೆ ಕೆಲವು ಪುಟ ಬರೆದುಕೊಟ್ಟರೆ ಕೈತುಂಬ ಹಣ. ಇಂಥ ಸಂದೇಶ ನಿಮ್ಮ ವಾಟ್ಸಾಪ್ ಗುಂಪಿಗೂ ಬಂದಿರಬಹುದು. ವಿಚಾರಿಸಿದರೆ ‘ನೋಂದಣಿ ಶುಲ್ಕ’ ಅಥವಾ ‘ಡೆಪಾಸಿಟ್’ ಕಟ್ಟಿ ಎನ್ನುತ್ತಾರೆ. ಅಲ್ಲಿಗೇ ನಿಲ್ಲಿಸಿ, ಇದು ಮೋಸ.

ಶುಲ್ಕ ಹೋದರೆ ಹೋಗಲಿ ಎಂದುಕೊಳ್ಳಬೇಡಿ. ನಿಜವಾದ ಗಾಳ ಆಮೇಲೆ ಬರುತ್ತದೆ. ಆನ್‌ಲೈನ್‌ನಲ್ಲಿ ಒಂದು ಒಪ್ಪಂದಕ್ಕೆ ಸಹಿ ಹಾಕಿಸಿಕೊಂಡು, ಮುಗಿಸಲಾಗದಷ್ಟು ಪುಟಗಳನ್ನು ಕೊಡುತ್ತಾರೆ. ನಿದ್ದೆಗೆಟ್ಟು ಮುಗಿಸಿದರೂ ‘ತಪ್ಪುಗಳು ಹೆಚ್ಚಿವೆ’ ಎಂದು ತಿರಸ್ಕರಿಸುತ್ತಾರೆ. ನಂತರ ವಕೀಲರ ಹೆಸರಿನಲ್ಲಿ ನೋಟಿಸ್: ಒಪ್ಪಂದ ಮುರಿದಿದ್ದೀರಿ, ಇಷ್ಟು ಸಾವಿರ ಕಟ್ಟಿ, ಇಲ್ಲದಿದ್ದರೆ ಪೊಲೀಸರು ಬರುತ್ತಾರೆ. ಮನೆಯವರಿಗೆ ಗೊತ್ತಾಗದಿರಲಿ ಎಂದು ಹೆದರಿ ದುಡ್ಡು ಕಳಿಸಿಬಿಡುವವರೇ ಹೆಚ್ಚು.

ಹೆದರಬೇಕೇ? ಬೇಡ. ವಕೀಲರ ನೋಟಿಸ್ ಎಂದರೆ ನ್ಯಾಯಾಲಯದ ಆದೇಶವಲ್ಲ. ಕೆಲಸ ಮುಗಿಸಲಿಲ್ಲ ಎಂಬ ಒಂದೇ ಕಾರಣಕ್ಕೆ ಯಾರನ್ನೂ ಬಂಧಿಸುವುದಿಲ್ಲ, ಅದು ಸಿವಿಲ್ ವಿಷಯ. ಒಪ್ಪಂದದಲ್ಲಿ ಎಷ್ಟೇ ದೊಡ್ಡ ದಂಡ ಬರೆದಿದ್ದರೂ, 1872ರ ಭಾರತೀಯ ಒಪ್ಪಂದ ಕಾಯ್ದೆಯ 74ನೇ ಸೆಕ್ಷನ್ ಪ್ರಕಾರ ನ್ಯಾಯಾಲಯ ಕೊಡಿಸುವುದು ಸಮಂಜಸ ಪರಿಹಾರವನ್ನು ಮಾತ್ರ. ಈಗಾಗಲೇ ಹಣ ಕಳಿಸಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ಚಾಟ್ ಅಳಿಸಬೇಡಿ, ಸ್ಕ್ರೀನ್‌ಶಾಟ್ ಮತ್ತು ಯುಪಿಐ ವಹಿವಾಟಿನ ಸಂಖ್ಯೆ ಇಟ್ಟುಕೊಳ್ಳಿ.

ಹಾಗಾದರೆ ಬರೆದು ಬದುಕುವುದೇ ಸುಳ್ಳೇ?

ಅಲ್ಲ. ಪತ್ರಿಕೆಗಳು, ಜಾಲತಾಣಗಳು, ಜಾಹೀರಾತು ಸಂಸ್ಥೆಗಳು, ಪ್ರಕಾಶಕರು ಹೊರಗಿನವರಿಂದ ಬರೆಸುತ್ತಾರೆ. ಕನ್ನಡಕ್ಕೆ ಅನುವಾದ, ಸಬ್‌ಟೈಟಲ್ ಕೆಲಸವೂ ಇದೆ. ಅಲ್ಲಿ ಹಣ ಬರೆಸಿಕೊಂಡವರಿಂದ ಬರೆದವರಿಗೆ ಬರುತ್ತದೆ, ಎಂದೂ ತಿರುಗಿ ಹೋಗುವುದಿಲ್ಲ. ಇನ್ನೊಬ್ಬರು ಬರೆದದ್ದನ್ನು ನಕಲು ಮಾಡಿಸಲು ಯಾರೂ ಸಾವಿರಾರು ರೂಪಾಯಿ ಕೊಡುವುದಿಲ್ಲ, ಅದಕ್ಕೆ ಸ್ಕ್ಯಾನರ್ ಇದೆ.

ತಿಂಗಳಿಗೆ ಇಷ್ಟು ಎಂಬ ಖಾತರಿ ಮಾತ್ರ ಇಲ್ಲ. ನನ್ನ ಮೊದಲ ಅನುವಾದದ ಹಣ ಕೈಸೇರಲು ಐದು ತಿಂಗಳು ಹಿಡಿಯಿತು. ಬಾಯಿಮಾತಿನಲ್ಲಿ ಒಪ್ಪಿಕೊಂಡದ್ದು ನನ್ನ ತಪ್ಪು. ಪದಕ್ಕೆ ಎಷ್ಟು ಅಥವಾ ಲೇಖನಕ್ಕೆ ಎಷ್ಟು, ಎಷ್ಟು ಸಲ ತಿದ್ದಿಕೊಡಬೇಕು, ಹಣ ಯಾವಾಗ ಎಂಬುದನ್ನು ಬರೆಯುವ ಮೊದಲೇ ಇಮೇಲ್‌ನಲ್ಲಿ ಕೇಳಿಕೊಳ್ಳಿ. ಕೇಳಿದರೆ ಬೇಸರಿಸಿಕೊಳ್ಳುತ್ತಾರೆ ಎಂಬ ಸಂಕೋಚ ಬೇಡ.

‘ದುಡ್ಡು ಕೊಟ್ಟ ಮೇಲೆ ಬರಹ ಅವರದ್ದೇ’ ಎಂಬ ಮಾತೂ ಚಾಲ್ತಿಯಲ್ಲಿದೆ. 1957ರ ಕೃತಿಸ್ವಾಮ್ಯ ಕಾಯ್ದೆ ಹಾಗೆ ಹೇಳುವುದಿಲ್ಲ. ನೀವು ಸಂಸ್ಥೆಯ ನೌಕರರಲ್ಲದಿದ್ದರೆ, ಬೇರೆ ಒಪ್ಪಂದವೂ ಇಲ್ಲದಿದ್ದರೆ, ಬರಹದ ಮೊದಲ ಹಕ್ಕುದಾರರು ನೀವೇ. ಹಕ್ಕು ವರ್ಗಾಯಿಸಲು ನಿಮ್ಮ ಸಹಿಯಿರುವ ಬರಹ ಬೇಕು. ಅದರಲ್ಲಿ ಅವಧಿ ನಮೂದಿಸದಿದ್ದರೆ 5 ವರ್ಷ ಎಂದೇ ಲೆಕ್ಕ. ‘ಎಲ್ಲ ಹಕ್ಕುಗಳೂ ಶಾಶ್ವತವಾಗಿ’ ಎಂಬ ಸಾಲು ಕಂಡರೆ ಸಹಿ ಹಾಕುವ ಮೊದಲು ದರದ ಬಗ್ಗೆ ಇನ್ನೊಮ್ಮೆ ಮಾತಾಡಿ.

ಇನ್ನು, ಸಂಭಾವನೆಯಲ್ಲಿ 10% ಕಡಿತವಾಗಿ ಬಂದರೆ ಗಾಬರಿಯಾಗಬೇಡಿ. ಅದು ಸಾಮಾನ್ಯವಾಗಿ ಟಿಡಿಎಸ್. ಕಡಿತವಾದದ್ದು ನಿಮ್ಮ ಪ್ಯಾನ್ ಸಂಖ್ಯೆಗೆ ಜಮೆಯಾಗಿದೆಯೇ ಎಂದು ಆದಾಯ ತೆರಿಗೆ ಇಲಾಖೆಯ ಪೋರ್ಟಲ್‌ನಲ್ಲಿ ನೋಡಬಹುದು. ನೀವು ಕಟ್ಟಬೇಕಾದ ತೆರಿಗೆ ಇಲ್ಲದಿದ್ದರೆ, ರಿಟರ್ನ್ ಸಲ್ಲಿಸಿ ಆ ಹಣವನ್ನು ವಾಪಸ್ ಪಡೆಯಬಹುದು.